ಎಡ ಗಲ್ಲ

ಗದಗ ರೋಡಿನ ನನ್ನ ಅಂಗಡಿಯಾಗ
ಖುರ್ಚಿ ಎರಡು, ಕನ್ನಡಿ ಮೂರು.
ರೈಲ್ವೆ ವರ್ಕ್‌ಶಾಪಿನ ಭೋಂಗಾ ಊದಿದ ಮ್ಯಾಲ
ನೂರಂದಪ್ಪ ಬರತಿದ್ದ, ಇಪ್ಪತ್ತೆರಡು ವರ್ಷ,
ಎರಡು ದಿನಕ್ಕೊಮ್ಮೆ, ಮಂಗಳವಾರ ಬಿಟ್ಟು.

ಅವನ ಮುಖ ನನಗ ಕಣ್ಣಿಗಿಂತ
ಬೆರಳಿಗೆ ಹೆಚ್ಚು ಗೊತ್ತು.
ಗದ್ದದ ಕೆಳಗ ಒಂದು ಸುಳಿ,
ಅಲ್ಲಿ ಕತ್ತಿ ತಿರುಗಿಸಬೇಕು.
ಎಡ ಗಲ್ಲ ಯಾವತ್ತೂ ಉಬ್ಬಿದ್ದಽ,
ಒಳಗ ಗುಟಕಾ.
"ಉಗುಳಿ ಬಾರೋ" ಅಂದ್ರ
"ನೀ ಬಲಗಡೆ ಮುಗಸು,
ಅಷ್ಟರಾಗ ಕರಗತೈತಿ" ಅಂತಿದ್ದ.

ಒಂಬತ್ತು ತಿಂಗಳು ಬರಲಿಲ್ಲ.
ಇವತ್ತು ಬಂದ. ಸುತ್ತಿದ್ದ ಟವೆಲ್ ಬಿಚ್ಚಿದ.
ಕನ್ನಡಿಯೊಳಗ ಮೊದಲು ಅವನ ಕಣ್ಣು ಹುಡುಕಿದೆ.
ಅಲ್ಲಿಂದ ಕೆಳಗ ಇಳಿಯಾಕ
ಸ್ವಲ್ಪ ಹೊತ್ತು ಹಿಡೀತು.

"ದವಡಿ ತಗದ್ರು. ಕಾಲಿನ ಎಲುಬು ಕೂಡಿಸ್ಯಾರ."
ತುಟಿ ಒಂದಽ ಕಡೆಯಿಂದ ಮಾತಾಡತಿತ್ತು,
ಪ ಬ ಮ ಬಂದಲ್ಲಿ ಬರೇ ಗಾಳಿ.
ಪ್ಯಾಂಟು ಮ್ಯಾಲೆತ್ತಿ ತೋರಿಸಿದ,
ಮೀನಗಂಡದ ಬಾಜೂಕ ಗೇಣುದ್ದದ ಗೆರಿ.
"ಇಲ್ಲೊಂದು ಸಣ್ಣ ಎಲುಬು ಇರತೈತಿ.
ಭಾರ ಹೊರಾಂಗಿಲ್ಲ, ದೊಡ್ಡದರ ಜೋಡಿ ಸುಮ್ಮನ ನಿಂತಿರತೈತಿ.
ಮೂರು ತುಂಡು ಮಾಡಿ, ದವಡಿ ಆಕಾರಕ್ಕ ಬಾಗಿಸಿ
ಪ್ಲೇಟಿಗೆ ಸ್ಕ್ರೂ ಹೊಡದಾರ.
ಬೋಗಿಗೆ ನಾ ಮಾಡಿದ್ದಽ ನನಗ ಮಾಡಿದ್ರು.
ಕೆಲಸ ಬರೋಬ್ಬರಿ ಐತಿ. ಎಕ್ಸರೇ ನೋಡೇನಿ."

ಕೂದಲಿಗಿಂತ ಸಣ್ಣ ದಾರಲೆ
ರಕ್ತದ ನಳಾ ಜೋಡಿಸಿದ್ರಂತ.
ನರ್ಸಬಾಯಿ ತಾಸಿಗೊಮ್ಮೆ ಗಲ್ಲಕ್ಕ ಸೂಜಿ ಚುಚ್ಚಿ
ಹನಿ ನೋಡತಿದ್ಲಂತ.
ಕೆಂಪು ಬಂದ್ರ ಹಚ್ಚಿದ್ದು ಬದುಕೈತಿ,
ಕಪ್ಪು ಬಂದ್ರ ಮತ್ತ ಆಪರೇಷನ್.
ನಾಕು ರಾತ್ರಿ ನೀಲಗಂಗಾ
ಮಂಚದ ಕಾಲಿಗೆ ಆತು ಕೂತು
ಆ ಹನೀನ ಕಾಯ್ದಾಳ.

"ಪರದೇಶದಾಗ ಸತ್ತವರ ಮುಖಾನ
ಎಲುಬು, ಚರ್ಮ, ತುಟಿ ಸಹಿತ
ಇದ್ದವರಿಗೆ ಹಚ್ಚತಾರಂತೋ.
ಸಣ್ಣ ಡಾಕ್ಟರು ಮೊಬೈಲದಾಗ ತೋರಿಸಿದ್ರು.
ಇಕಿ ಅಂದ್ಲು, ಬ್ಯಾಡ್ರೀ ಸಾಹೇಬ್ರ,
ಕಾಲಾದ್ರೂ ಇವರದಽ."

ನೊರಿ ಎಬ್ಬಸಕೋತ ನಾ ವಿಚಾರಕ್ಕ ಬಿದ್ದೆ.
ಅಂಥಾ ಮುಖ ಈ ಖುರ್ಚಿಗೆ ಬಂದ್ರ
ನಾ ತಗಿಯೋದು ಯಾರ ಗಡ್ಡ?
ಮಣ್ಣಿಗೆ ಹೋದಾಂವನ ಸುಳಿ
ಮರುದಿನಾ ಮತ್ತ ಮೂಡತಿರತೈತಿ.
ಅವನ ಹಡಪದಾಂವ ಮಾತ್ರ
ಇನ್ನ್ಯಾವುದೋ ಊರಾಗ
ಖಾಲಿ ಖುರ್ಚಿ ಒರಸತಿರತಾನ.

ನನ್ನ ಗಲ್ಲದಾಗೂ ಒಂದು ಚೀಟಿ ಇತ್ತು,
ಅವ ಒಳಗ ಬರೂ ಮೊದಲಽ ಇಟ್ಟದ್ದು.
ಉಗುಳಾಕ ಹೊರಗ ಹೋಗಬೇಕು,
ಅವನ ಮುಂದ ಹಾದು.

ಬಲಗಡೆ ಕೈ ತಾನಽ ಹೋತು.
ಎಡಕ್ಕ ಬಂದು ನಿಂತಿತು.
ಅದು ಗಡ್ಡಲ್ಲ. ಕಾಲಗೂದಲ,
ಅಲ್ಲೊಂದು ಇಲ್ಲೊಂದು, ಉದ್ದಕ, ಮೆತ್ತಗ.
ನಲವತ್ತೆಂಟು ವರ್ಷ ಪ್ಯಾಂಟಿನೊಳಗ ಇದ್ದದ್ದು
ಈಗ ಟ್ಯೂಬಲೈಟ ಕೆಳಗ ಕೂತೈತಿ.
ಹೆಂಗ ಎಳೀಬೇಕು ಇದನ್ನ?
ಕಿವಿಯಿಂದ ಗದ್ದಕ್ಕೋ,
ಮೊಣಕಾಲಿಂದ ಹಿಮ್ಮಡಕ್ಕೋ?
"ಏನ ನೋಡ್ತಿ, ಅರ್ಧ ಗಡ್ಡ, ಅರ್ಧ ರೊಕ್ಕ"
ಅಂದು ನಕ್ಕ.
ನಗಿ ಬಲಗಡೆಯಿಂದ ಹೊಂಟು
ಮೂಗಿನ ಕೆಳಗ ನಿಂತು ಬಿಟ್ಟಿತು.

ಪ್ಲೇಟಿನ ತುದಿ ಉಬ್ಬಿದಲ್ಲಿ ಬ್ಲೇಡು ಕಚ್ಚಿತು.
ಅವಗ ಗೊತ್ತಽ ಆಗಲಿಲ್ಲ.
ನಾ ಫಟಕಡಿಗೆ ಕೈ ಹಾಕಿದೆ.
ಕನ್ನಡಿಯೊಳಗ ಕಂಡಾಂವ
ನನ್ನ ಮಣಿಕಟ್ಟು ಹಿಡದ.
"ತಡಿ, ಹಚ್ಚಬ್ಯಾಡ."

ಬಿಳೇ ನೊರಿ ಮ್ಯಾಲ
ಸಾಸಿವಿ ಕಾಳಿನಷ್ಟು ಬಂದು,
ಜ್ವಾಳದಷ್ಟಾಗಿ, ಜಾರಾಕ ಹತ್ತಿತು.

"ಬಣ್ಣ ಯಾವುದೈತಿ ಹೇಳು."
"ಕೆಂಪೈತಿ."
"ಜೋರಾಗಿ ಹೇಳೋ," ಅಂದ,
"ಹೊರಗ ನೀಲಗಂಗಾ ನಿಂತಾಳ."