ಏಳರ ಜಾಗದ ಎಂಟು

ಕೋಟೆಬಾಗಿಲು ದಾಟಿ ಎಡಕ್ಕೆ, ಚರ್ಮ ಹದಮಾಡುತ್ತಿದ್ದವರ ಓಣಿಯಲ್ಲಿ
ಎದುರುಮನೆಯ ಕಿವಿಗೆ ಏನೋ ಹೇಳಹೋಗಿ
ಬಾಗಿ, ಹೇಳದೆ ನಿಂತ ಮನೆ.
ಮಹಡಿ ಬುಡಕ್ಕಿಂತ ಮೊಳ ಮುಂದೆ.
ಮಳೆ ಬಂದರೆ ಓಣಿಗೆ ಕೊಡೆ ಬೇಕಿಲ್ಲ.

ಬಡಗಿ ಕೊರ್ಬಿನೋ ಗಾರೆ ಕೆರೆದ.
ಓಕ್ ತೊಲೆಗಳ ಮೈಮೇಲೆ ಉಳಿಯ ಗುರುತು:
ಒಂದು ಗೀರು, ಎರಡು ಗೀರು, ಐದಕ್ಕೊಂದು ಕವೆ.
ಕಾಡಿನಂಚಲ್ಲಿ ಕೂಡಿಸಿ, ಬಿಚ್ಚಿ, ಗಾಡಿಗೇರಿಸಿ
ಇಲ್ಲಿ ಮತ್ತೆ ಕೂಡಿಸಿದವರ ಲೆಕ್ಕ,
ಓದು ಬಾರದವರೂ ಓದಬಲ್ಲದ್ದು.
ಐದು. ಆರು. ಎಂಟು.
ಎಂಟಾದ ಮೇಲೆ ಏಳು.

ಏಣಿಯ ಮೇಲೇ ನಕ್ಕುಬಿಟ್ಟ.
ಐನೂರು ವರ್ಷ ಊರಿಗೆ ಊರೇ
ನೆಲ ಕುಸಿದಿದೆ ಅಂದಿತು, ಶಾಪ ಅಂದಿತು,
ಮುತ್ತಿಗೆಯ ಕಾಲದ ಗುಂಡು ಅಂದಿತು.
ಯಾವನೋ ಹುಡುಗ. ಚಳಿಗೆ ಬೆರಳು ಮರಗಟ್ಟಿರಬೇಕು,
ಇಲ್ಲವೇ ಊಟದ ಗಂಟೆ ಹೊಡೆದಿರಬೇಕು.

"ಸರಿಮಾಡಲಾ?" ಕೂಗಿದ.
ಕೆಳಗೆ ಸೋಲಾಂಜ್ ಬಟಾಣಿ ಸುಲಿಯುತ್ತಿದ್ದಳು.
ಮೇಜಿನ ಎರಡು ಕಾಲಿಗೆ ಮರದ ಚಕ್ಕೆ,
ಮಂಚದ ತಲೆಯಡಿ ಇಟ್ಟಿಗೆ,
ಜಾರಿದ ಕಾಳು ಎಂದಿಗೂ ಒಂದೇ ಮೂಲೆಗೆ;
ಅಲ್ಲಿ ಬೆಕ್ಕು ಕಾದಿತ್ತು.
"ಮಾಡಿದರೆ ಬೀಳುತ್ತದಾ?"
"ಬೀಳಲೂಬಹುದು."
"ಮತ್ತೆ ಕೇಳುವುದೇಕೆ?"

ಹುಳ ತಿಂದದ್ದು ಎಂಟನೆಯ ತೊಲೆ.
ಹೊಸ ಓಕ್ ಇನ್ನೂ ಹಸಿ, ಹುಳಿ ವಾಸನೆ.
ಬುಡದಲ್ಲಿ ಉಳಿ ಊರಿ, ಉಸಿರು ಹಿಡಿದು
ಒಂದು ಕವೆ, ಮೂರು ಗೀರು.
ಏಳಿರಬೇಕಾದಲ್ಲಿ ಎಂಟು.
ಆ ಹುಡುಗನ ತಪ್ಪನ್ನು
ಕೂದಲೆಳೆಯಷ್ಟೂ ತಪ್ಪದೆ ಕೆತ್ತಿದ.