ಒಂದು ಕೈ ಜೇಬಿನಲ್ಲಿ

ಹಳೆಯ ಮಗುಗಾಡಿಯಲ್ಲಿ ಮಲಗಿಸಿ, ಟವೆಲು ಹೊದಿಸಿ
ತಂದಿದ್ದ ಇದ್ರಿಸ್ ಪ್ರಾಸರ್ ತನ್ನ ಗಿಟಾರಿನ ಆಂಪ್ಲಿಫೈಯರನ್ನು.
ಪೋರ್ಟ್ ಟಾಲ್ಬಟ್ಟಿನ ಇಳಿಜಾರು, ಇಪ್ಪತ್ತೆರಡು ಕಿಲೋ:
ಅವನು ಗಾಡಿ ತಳ್ಳಲಿಲ್ಲವಂತೆ,
ಗಾಡಿಯೇ ಅವನನ್ನು ಎಳೆದು ತಂದಿತಂತೆ.

"ಸದ್ದು ಇಳೀತಾ ಇಲ್ಲ ನೆರಿಸ್.
ಪವರ್ ಗುಂಡಿ ಹೇಗೆ ತಿರುಗಿಸಿದರೂ ಒಂದೇ ಅಬ್ಬರ.
ರಾತ್ರಿಪಾಳಿ ಮುಗಿಸಿ ಮಲಗಿದ್ದ ಮೆರೆರಿಡ್ ಇಳಿದು ಬಂದಳು.
ಬೈಯಲಿಲ್ಲ. ಕರೆಂಟಿನ ತಂತಿಯನ್ನೇ ಕಿತ್ತು ಒಯ್ದು
ದಿಂಬಿನಡಿ ಇಟ್ಟುಕೊಂಡು ಮಲಗಿದಳು.
ಅದಿನ್ನೂ ಅಲ್ಲೇ ಇದೆ."

ವಾಲ್ವು ನಾಲ್ಕನ್ನೂ ಆಗಲೇ ಬದಲಿಸಿದ್ದಾನೆ, ಹೊಸವು, ದುಬಾರಿ.
ಎತ್ತಿಗೆ ಜ್ವರ, ಎಮ್ಮೆಗೆ ಬರೆ.

ಹಿಂಬದಿ ಬಿಚ್ಚಿದೆ.
ಪ್ಲಗ್ ಕಿತ್ತರೂ ಕೆಪಾಸಿಟರು ಸಿಟ್ಟು ಮರೆಯುವುದಿಲ್ಲ,
ಮೊದಲು ಅದನ್ನು ನಿಧಾನಕ್ಕೆ ಬರಿದು ಮಾಡಬೇಕು.
ಉಕ್ಕಿನ ಕಾರ್ಖಾನೆಯ ಕ್ರೇನುಗಳ ಮೇಲೆ
ಹದಿನೆಂಟು ವರ್ಷ ಕಲಿತದ್ದು ಇಷ್ಟೆ:
ಒಂದು ಕೈ ಕೆಲಸಕ್ಕೆ, ಒಂದು ಕೈ ಜೇಬಿಗೆ.
ಎರಡೂ ಚಾಚಿದವರ ಎದೆಯೇ ತಂತಿ.

ಇಂಥದರಲ್ಲಿ ಸುಡುವುದು ಮಾಸ್‌ಫೆಟ್ಟು. ಬಿಚ್ಚಿ ಅಳೆದೆ.
ಚೆನ್ನಾಗಿದೆ. ಅರ್ಧ ದಿನ ಹೋಯಿತು.

ನನ್ನ ತಂತಿ ಚುಚ್ಚಿ ಮತ್ತೆ ಹೊತ್ತಿಸಿದೆ.
ಗುಂಡಿಯ ಮೊದಲ ಕಾಲಲ್ಲಿ ನಾನೂರ ಇಪ್ಪತ್ತು ವೋಲ್ಟು, ಸರಿ.
ನಡುಗಾಲಲ್ಲಿ, ಪೂರ್ತಿ ಇಳಿಸಿಯೂ,
ಮುನ್ನೂರ ಎಂಬತ್ತು.
ಮೀಟರಿನ ಕಡ್ಡಿ ಎತ್ತಿದೆ: ಸ್ಪೀಕರಿನ ಗುಂಯ್ ಒಂದೆಳೆ ಹೆಚ್ಚಿತು.
ಇಟ್ಟೆ: ತಗ್ಗಿತು.
ಮತ್ತೆ ಎತ್ತಿದೆ, ಮತ್ತೆ ಇಟ್ಟೆ,
ಚಹಾ ಆರಿಹೋಯಿತು.
ಬರೀ ಅಳೆಯಲು ಬಂದ ಮೀಟರೇ ಇಷ್ಟು ಜಗ್ಗುತ್ತದೆಂದರೆ
ಜಗ್ಗಬೇಕಾದ್ದು ಜಗ್ಗುತ್ತಿಲ್ಲ.

ಮೂರನೆಯ ಕಾಲು. ನೆಲಕ್ಕೆ ಹೋಗುವ ಕಪ್ಪು ತಂತಿ.
ಕಣ್ಣಿಗೆ ಅಂಟಿಕೊಂಡೇ ಇತ್ತು.
ಮರದ ಕಡ್ಡಿಯಿಂದ ತಟ್ಟಿದರೆ
ಬೆಸುಗೆಯೊಳಗೆ ಸಡಿಲ ಹಲ್ಲಿನ ಹಾಗೆ ಅಲ್ಲಾಡಿತು.
ಬೂದು ಬಣ್ಣ, ಹೊಳಪಿಲ್ಲ,
ಕಾಯದ ಕಾವಲಿಯ ಮೇಲೆ ಹುಯ್ದ ಹಿಟ್ಟು.
ಇಳಿ, ಇಳಿ ಅಂದರೆ
ಎಲ್ಲಿಗೆ ಇಳಿಯಬೇಕಿತ್ತು ಪಾಪ?
ಕೆಳಗೆ ನೆಲವೇ ಇರಲಿಲ್ಲ.

ಆಮೇಲೆ ಆ ತಂತಿಯ ತುದಿ ನೋಡಿದೆ.
ಎಡಕ್ಕೆ, ಒಂದೂವರೆ ಸುತ್ತು.
ಹಾಗೆ ಸುತ್ತುವವರು ಈ ಊರಿನಲ್ಲಿ ಒಬ್ಬರೇ,
ಎಡಚಿ, ನಾನು.
ಹನ್ನೊಂದು ವರ್ಷದ ಹಿಂದೆ ಈ ಗುಂಡಿ ಕೂರಿಸಿದ್ದೂ ನಾನೇ.
ಅಂದು ಯಾರೂ ಸತ್ತಿರಲಿಲ್ಲ, ಕೈ ನಡುಗಿರಲಿಲ್ಲ.
ಮೀನಿನಂಗಡಿ ಒಂಬತ್ತಕ್ಕೆ ಮುಚ್ಚುತ್ತಿತ್ತು,
ನನಗೆ ಹಸಿವಾಗಿತ್ತು.

ಹಳೆಯ ಸೀಸ ಹೀರಿ ತೆಗೆದೆ,
ಕಾಲನ್ನು ಉಜ್ಜಿದೆ,
ಕಾಯಲು ಬಿಟ್ಟೆ, ಇನ್ನೂ ಸ್ವಲ್ಪ ಬಿಟ್ಟೆ,
ಬೆಸುಗೆ ತಾನಾಗಿ ಹರಿದು ಕನ್ನಡಿಯಾಗುವ ತನಕ.

ಇದ್ರಿಸ್‌ಗೆ ಹೇಳಿದೆ. ಎಲ್ಲವನ್ನೂ.
ಹೊಸ ವಾಲ್ವುಗಳ ರಸೀತಿಯನ್ನು ಅವನು
ಮೆಲ್ಲಗೆ ನಾಲ್ಕಾಗಿ ಮಡಚಿ ಒಳಜೇಬಿಗೆ ಹಾಕಿಕೊಂಡ.
ಗುಂಡಿ ಇಳಿಸಿ ಒಂದು ತಂತಿ ಮೀಟಿದ:
ಬಿಸ್ಕತ್ತಿನ ಡಬ್ಬಿಯೊಳಗೆ ದುಂಬಿ.
ಇನ್ನೂ ಇಳಿಸಿದ. ದುಂಬಿ ಕೂತುಕೊಂಡಿತು.

ಹಣ ಬೇಡ ಅಂದೆ.
ಬೇಕಾದರೆ ನನ್ನ ತಂತಿ ಒಯ್ಯಿ, ನನ್ನಲ್ಲಿ ಹತ್ತಿವೆ.
"ಬೇಡ," ಅಂದ, ಟವೆಲು ಹೊದಿಸುತ್ತ,
"ಅದನ್ನ ಅವಳ ಹತ್ತಿರವೇ ಕೇಳಬೇಕು."

ಹೋಗುವಾಗ ಏರು.
ಎರಡೂ ಕೈ ಗಾಡಿಯ ಮೇಲಿಟ್ಟು ತಳ್ಳಿದ.