ಎಡ ಮೆಟ್ಟು

ನಾರ್ಮಂಡ್ ಪೆಲ್ಕಿಗೆ ನಕ್ಷೆ ಓದಲು ಬಾರದು,
ಅಟ್ಟೆ ಓದಲು ಬರುತ್ತದೆ.
ಮೇನ್ ರಾಜ್ಯದ ಆ ಗಿರಣಿಯೂರಲ್ಲಿ
ನಲವತ್ತು ಚಳಿಗಾಲ ಮೆಟ್ಟು ಹೊಲಿದ ಕೈ.

ಪುರಸಭೆಗೆ ಗೋಣಿಚೀಲ ಹೊತ್ತು ಬಂದು
ಮೇಜಿನ ಮೇಲೆ ಸುರುವಿದ:
ಯಾರೂ ಬಿಡಿಸಿಕೊಂಡು ಹೋಗದ ಜೋಡುಗಳು,
ಎಲ್ಲದರಲ್ಲೂ ಎಡದ್ದೇ ಸವೆದದ್ದು, ಅದೂ ಹೊರಮಗ್ಗುಲಲ್ಲಿ.
"ಪೇಟೆಬೀದಿಯ ಕಾಲುದಾರಿ ಚರಂಡಿಗೆ ವಾಲಿದೆ.
ಊರಿಗೆ ಊರೇ ಕುಂಟುತ್ತಿದೆ,
ನೀವು ಅದನ್ನು ನಡಿಗೆ ಅಂತೀರಿ."

"ವಾಪಸು ಬರುವಾಗ ಬಲಗಾಲೂ ಸವೆಯಬೇಕಲ್ಲ?"
ಬ್ಯಾಂಕಿನವನ ಲೆಕ್ಕ.
"ದಿಬ್ಬ ಹತ್ತಲು ಬಸ್ಸಿದೆಯಲ್ಲಪ್ಪ."

ಯಾರೋ ನಕ್ಕರು. ಇಂಜಿನಿಯರ್ ಇಫ್ರಾ ಜಿಮಾಲೆ ನಗಲಿಲ್ಲ.
ಮರುದಿನ ತಮ್ಮನ ಗೋಲಿಯೊಂದನ್ನು
ಔಷಧದಂಗಡಿಯ ಹೊಸ್ತಿಲಲ್ಲಿಟ್ಟು ಕೈಬಿಟ್ಟಳು.
ಅದು ಯಾರನ್ನೂ ಕೇಳದೆ
ನಿಂತ ಕಾರುಗಳ ಅಡಿಗೆ ಹೋಯಿತು.

ಹಿಮ ಕರಗಿದ ಮೇಲೆ ಅಗೆದರು.
ಒಂಬತ್ತು ಕಾರಿನ ಜಾಗ ಹೋಯಿತು.
ಬೇಕರಿಯ ಲೂಸಿಯೆನ್ ಎರಡು ತಿಂಗಳು
ಪೆಲ್ಕಿಯ ಮುಖ ನೋಡಲಿಲ್ಲ,
ಧೂಳು ಬಿದ್ದ ರೊಟ್ಟಿಯ ಬೆಲೆಯನ್ನು
ಅವನಿಗೆ ಕೇಳುವಂತೆ ಕೂಗಿ ಹೇಳುತ್ತಿದ್ದಳು.
ಈಗ ಅವಳ ಬಾಗಿಲೆದುರು ಮೂರು ಮೇಪಲ್ ಸಸಿ,
ಗೂಟಕ್ಕೆ ಕಟ್ಟಿದ್ದು, ನೆರಳು ಕೊಡುವ ವಯಸ್ಸಲ್ಲ;
ತಳ್ಳುಗಾಡಿಯ ಮಗು ನಿದ್ದೆಯಲ್ಲೇ ಬೀದಿ ದಾಟುತ್ತದೆ.

ಪೆಲ್ಕಿಯ ಅಂಗಡಿಗೆ ಎಡ ಮೆಟ್ಟು ಬರುವುದು ನಿಂತಿದೆ.
ಬಂದರೆ ಜೋಡಿಯಾಗಿ ಬರುತ್ತವೆ, ಸಮ ಸವೆದು,
ಅದೂ ತಡವಾಗಿ.
ನಾಲ್ಕಕ್ಕೇ ಬಾಗಿಲೆಳೆದು
ಹೊಸ ಬೆಂಚಿನ ಮೇಲೆ ಕೂರುತ್ತಾನೆ,
ಹೋಗುವವರ ಹಿಮ್ಮಡಿಗಳನ್ನು ನೋಡುತ್ತ,
ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಂಡವನು
ಇಷ್ಟು ಹಾಯಾಗಿ ಕೂರಬಾರದೇನೋ ಎಂಬಂತೆ.

ಬೆಂಚು ಮಾತ್ರ ಕೊಂಚ ಅಲ್ಲಾಡುತ್ತದೆ.
ಒಂದು ಕಾಲು ಗಿಡ್ಡ.
ಎಡದ್ದು.
ನಾಳೆ ಒಂದು ಚೂರು ಚರ್ಮ ತರಬೇಕು.